ಒಂದು ರೂಪಾಯಿ ಟಿಕೆಟ್ಟಿನ ಕಾಲ

ಕೇರಳದ ಕೋಳಿಕ್ಕೋಡಿನಿಂದ ಹೊರಟ ಹೆದ್ದಾರಿ ವಯನಾಡಿನ ಘಟ್ಟ ಹತ್ತಿ, ಬಂಡೀಪುರದ ಕಾಡು ಹಾದು, ಗುಂಡ್ಲುಪೇಟೆ, ನಂಜನಗೂಡು ದಾಟಿ ಮೈಸೂರಿಗೆ ಬರುತ್ತದೆ. ಅಲ್ಲಿಂದ ತಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಈಗ ಅದರ ಸಂಖ್ಯೆ 766. ಹಳಬರ ಬಾಯಲ್ಲಿ ಇನ್ನೂ 212. ನಂಜನಗೂಡಿನಿಂದ ಮೈಸೂರಿನ ಕಡೆಗೆ ಬರುವಾಗ ಕಡಕೊಳ ಕಳೆದ ಮೇಲೆ ಮಂಡಕಳ್ಳಿ ಸಿಗುತ್ತದೆ. ಮೈಸೂರು ವಿಮಾನ ನಿಲ್ದಾಣ ಇರುವುದು ಅಲ್ಲಿ, ಈ ರಸ್ತೆಯ ಮಗ್ಗುಲಲ್ಲೇ.

1940ರ ದಶಕದಲ್ಲಿ, ಅರಸರ ಕಾಲದಲ್ಲಿ ಆದ ವಿಮಾನದ ಬಯಲು ಅದು. 1980ರ ದಶಕದಲ್ಲಿ ವಾಯುದೂತ್ ವಿಮಾನ ಕೆಲವು ವರ್ಷ ಬೆಂಗಳೂರಿಗೆ ಹಾರಾಡಿ ನಿಂತುಹೋಯಿತು. ಬಹಳ ವರ್ಷ ಸುಮ್ಮನಿದ್ದ ಜಾಗಕ್ಕೆ ಹೊಸ ರನ್‌ವೇ, ಹೊಸ ಕಟ್ಟಡ ಬಂದವು. 2010ರ ಮೇ 15ರಂದು ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಉದ್ಘಾಟಿಸಿದರು. ಅದೇ ವರ್ಷದ ಅಕ್ಟೋಬರ್ 1ಕ್ಕೆ ಬೆಂಗಳೂರಿನಿಂದ ಕಿಂಗ್‌ಫಿಷರ್‌ನ ಎಟಿಆರ್ ವಿಮಾನ ಬಂದಿಳಿಯಿತು. ಸುತ್ತಲ ತಾಲ್ಲೂಕುಗಳಿಗೆಲ್ಲ ಅದೊಂದು ಹಬ್ಬ.

ಹಬ್ಬ ಬಹಳ ದಿನ ನಡೆಯಲಿಲ್ಲ. ಸುಮಾರು ಒಂದು ವರ್ಷ ಹಾರಿದ ಮೇಲೆ ಕಿಂಗ್‌ಫಿಷರ್ ಮೈಸೂರನ್ನು ಬಿಟ್ಟಿತು. 2013ರ ಜನವರಿಯಲ್ಲಿ ಸ್ಪೈಸ್‌ಜೆಟ್ ಬಂತು, ಹೋಯಿತು. 2015ರಲ್ಲಿ ಏರ್ ಇಂಡಿಯಾದ ಸಣ್ಣ ವಿಮಾನ ಬಂತು, ಅದೂ ಹೋಯಿತು. 2017ರಲ್ಲಿ ಟ್ರೂಜೆಟ್, 2019ರಲ್ಲಿ ಅಲಯನ್ಸ್ ಏರ್, ಆಮೇಲೆ ಇಂಡಿಗೊ. ಯಾಕೆ ಹೀಗೆ ಎಂದರೆ ನಮ್ಮ ಕಡೆ ಒಂದೇ ಉತ್ತರ: ಜನ ಹತ್ತಲಿಲ್ಲ. ಅದು ಅರ್ಧ ಸತ್ಯ. ಉಳಿದರ್ಧ ಬೆಂಗಳೂರಿನಲ್ಲಿ 2003ರಿಂದ 2012ರವರೆಗೆ ನಡೆದ ದರಸಮರದಲ್ಲಿದೆ. ಆ ಸಮರವನ್ನು ಮಾಲೀಕರ ಕಥೆಯಾಗಿ ಬೇಕಾದಷ್ಟು ಬರೆದಿದ್ದಾರೆ. ಟಿಕೆಟ್ ಕೌಂಟರಿನಲ್ಲಿ ನಿಂತವರ, ಸಾಮಾನು ಹೊತ್ತವರ, ಎಂಜಿನ್ ಬಿಚ್ಚಿ ಕಟ್ಟಿದವರ, ಹಾರಿಸಿದವರ ಕಡೆಯಿಂದ ನೋಡಿದರೆ ಅದೇ ಕಥೆಗೆ ಬೇರೆ ಮುಖವಿದೆ.

ಅದಕ್ಕೂ ಹಿಂದಿನದೊಂದು ಮಾತು ಹೇಳಬೇಕು. ನಮ್ಮ ದೇಶದಲ್ಲಿ ವಿಮಾನ ಸಂಸ್ಥೆಗಳು ಒಂದರ ಮೇಲೊಂದು ಬಿದ್ದು ಸಾಯುವುದು ಹೊಸದಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕನ್ನರು ಬಿಟ್ಟುಹೋದ ಡಕೋಟಾ ವಿಮಾನಗಳು ಅಗ್ಗಕ್ಕೆ ಸಿಕ್ಕವು. ದುಡ್ಡಿದ್ದವರೆಲ್ಲ ಪರವಾನಗಿ ಕೇಳಿದರು, ಸರಕಾರ ಕೊಟ್ಟಿತು. ಪ್ರಯಾಣಿಕರಿಗಿಂತ ಆಸನಗಳೇ ಹೆಚ್ಚಾಗಿ ಅಂಬಿಕಾ, ಜುಪಿಟರ್ ಎಂಬ ಸಂಸ್ಥೆಗಳು ಬೇಗನೆ ಮುಚ್ಚಿದವು. 1953ರಲ್ಲಿ ನೆಹರೂ ಸರಕಾರ ಎಂಟು ಸಂಸ್ಥೆಗಳನ್ನು ಒಟ್ಟುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಮಾಡಿತು. ಅವುಗಳಲ್ಲಿ ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಕೂಡ ಒಂದು. ಮುಂದಿನ ನಾಲ್ಕು ದಶಕ ಪೈಪೋಟಿಯೇ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು, 1994ರಲ್ಲಿ ಕಾನೂನೂ ಬದಲಾಯಿತು. ಈಸ್ಟ್‌ವೆಸ್ಟ್, ದಮಾನಿಯಾ, ಮೋದಿಲುಫ್ಟ್, ಎನ್‌ಇಪಿಸಿ ಎಂದು ಸಾಲುಗಟ್ಟಿ ಬಂದವು. ದಶಕ ಮುಗಿಯುವ ಹೊತ್ತಿಗೆ ಜೆಟ್ ಮತ್ತು ಸಹಾರಾ ಬಿಟ್ಟರೆ ಉಳಿದವು ಹೆಸರಿಗೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಗೊರೂರಿನವರಾದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದರು. ಸೇನೆಯಲ್ಲಿದ್ದು 1971ರ ಯುದ್ಧ ಕಂಡವರು. ಹೇಮಾವತಿ ಅಣೆಕಟ್ಟಿನಲ್ಲಿ ಮನೆತನದ ಜಮೀನು ಮುಳುಗಿ, ಬದಲಿಗೆ ಜಾವಗಲ್ ಬಳಿ ಸಿಕ್ಕ ಭೂಮಿಯಲ್ಲಿ ರೇಷ್ಮೆ, ತೆಂಗು ಬೆಳೆದವರು. 1997ರಲ್ಲಿ ಹೆಲಿಕಾಪ್ಟರ್ ಬಾಡಿಗೆಯ ವ್ಯಾಪಾರಕ್ಕೆ ಇಳಿದು, 2003ರ ಆಗಸ್ಟಿನಲ್ಲಿ ಎಟಿಆರ್ ವಿಮಾನಗಳೊಂದಿಗೆ ಊರೂರಿಗೆ ಹಾರುವ ಸಂಸ್ಥೆ ಕಟ್ಟಿದರು. ಮೊದಲ ದಾರಿಗಳಲ್ಲಿ ಬೆಂಗಳೂರು–ಹುಬ್ಬಳ್ಳಿ ಒಂದು. ವಿಮಾನದ ಮೇಲೆ ಆರ್.ಕೆ. ಲಕ್ಷ್ಮಣ್ ಬರೆದ ಜನಸಾಮಾನ್ಯ ಇದ್ದ: ಮೈಸೂರಿನಲ್ಲಿ ಹುಟ್ಟಿ ಬೆಳೆದ ಕಲಾವಿದರ ಕೋಟು ತೊಟ್ಟ, ಕನ್ನಡಕದ ಆ ಮುದುಕ.

ಆಗ ಬೆಂಗಳೂರಿನಿಂದ ದೆಹಲಿಗೆ ಪೂರ್ತಿ ದರ ಹತ್ತು ಸಾವಿರ ರೂಪಾಯಿಯ ಆಚೆ. ಡೆಕ್ಕನ್ ಕೆಲವು ಆಸನಗಳನ್ನು ಐನೂರಕ್ಕೆ, ಆಮೇಲೆ ಒಂದು ರೂಪಾಯಿಗೆ ಮಾರಿತು. ತೆರಿಗೆ, ನಿಲ್ದಾಣದ ಶುಲ್ಕ ಸೇರಿ ಕೆಲವು ನೂರು ಆಗುತ್ತಿತ್ತು, ನಿಜ. ಒಂದು ವಿಮಾನದಲ್ಲಿ ಅಂಥ ಆಸನಗಳು ಕೆಲವೇ ಇರುತ್ತಿದ್ದವು, ಅದೂ ನಿಜ. ಆದರೆ ರೈಲಿನ ಎರಡನೇ ದರ್ಜೆಯಲ್ಲೇ ದೇಶ ನೋಡಿದ್ದವರು ಅಪ್ಪ ಅಮ್ಮನನ್ನು ಕರೆದುಕೊಂಡು ವಿಮಾನ ಹತ್ತಿದರು. ಪೆಟ್ರೋಲ್ ಬಂಕಿನಲ್ಲೂ ಟಿಕೆಟ್ ಮಾರಿದರು. ಈ ಕೆಲಸವನ್ನು ನಾನು ಸಣ್ಣದೆಂದು ಹೇಳಲಾರೆ. ಗೋಪಿನಾಥರ ಲೆಕ್ಕದಲ್ಲಿ ತಪ್ಪುಗಳಿದ್ದವು, ಅವರು ತೆರೆದ ಬಾಗಿಲು ಮಾತ್ರ ಮತ್ತೆ ಮುಚ್ಚಲಿಲ್ಲ.

ಆ ಅಗ್ಗದ ದರಕ್ಕೆ ಬೇಕಾದ ಉಳಿತಾಯ ಎಲ್ಲಿಂದ ಬಂತು? ವಿಮಾನ ನೆಲದ ಮೇಲೆ ನಿಂತಿರುವಷ್ಟು ಹೊತ್ತೂ ದಂಡ. ಇಳಿದು ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ಮತ್ತೆ ಏರಬೇಕು. ಎಟಿಆರ್ ನಿಂತ ಕೂಡಲೇ ಚಕ್ರಕ್ಕೆ ಅಡ್ಡಗಟ್ಟೆ ಇಡುತ್ತಾರೆ. ಈ ವಿಮಾನಕ್ಕೆ ಜನ ಹತ್ತುವ ಬಾಗಿಲು ಹಿಂದೆ, ಸಾಮಾನಿನ ಬಾಗಿಲು ಮುಂದೆ. ಹಿಂಬದಿಗೆ ಜನ ತುಂಬಿಕೊಂಡಾಗ ಭಾರಕ್ಕೆ ಬಾಲ ಕುಸಿಯದಂತೆ ಬಾಲದ ಅಡಿಗೆ ಒಂದು ಊರೆಗೋಲು ಕೊಡಬೇಕು. ಹೊರಡುವ ಮುಂಚೆ ಅದನ್ನು ಮರೆಯದೆ ತೆಗೆಯಬೇಕು. ಇತ್ತ ಸಾಮಾನು ಇಳಿಸಿ ಹೊಸದನ್ನು ಏರಿಸಬೇಕು, ಇಂಧನದ ಗಾಡಿ ಬರಬೇಕು. ಅಗ್ಗದ ವಿಮಾನಗಳಲ್ಲಿ ಒಳಗಿನ ಕಸ ತೆಗೆದು ಸೀಟಿನ ಪಟ್ಟಿ ಸರಿಮಾಡುವುದೂ ಗಗನಸಖಿಯರ ಪಾಲಿನದೇ. ಕೌಂಟರಿನವರು ಎಷ್ಟು ಜನ, ಎಷ್ಟು ತೂಕ, ಯಾವ ಸಾಲಿನಲ್ಲಿ ಎಷ್ಟು ಮಂದಿ ಎಂದು ಲೆಕ್ಕ ಹಾಕಿ ಲೋಡ್ ಶೀಟ್ ಮಾಡಿ ಕ್ಯಾಪ್ಟನ್ನರ ಸಹಿ ಹಾಕಿಸಬೇಕು. ತೂಕ ಒಂದೇ ಕಡೆ ಬಿದ್ದಿದ್ದರೆ ನಾಲ್ಕು ಜನರನ್ನು ಎಬ್ಬಿಸಿ ಬೇರೆ ಸಾಲಿಗೆ ಕೂರಿಸಬೇಕು. ಒಬ್ಬ ಪ್ರಯಾಣಿಕ ಕಾಣದಿದ್ದರೆ ಅವನ ಪೆಟ್ಟಿಗೆಯನ್ನು ಹುಡುಕಿ ಇಳಿಸಬೇಕು. ಇದೆಲ್ಲ ಇಪ್ಪತ್ತು ನಿಮಿಷದಲ್ಲಿ, ದಿನಕ್ಕೆ ಹತ್ತಾರು ಸಲ, ಬಿಸಿಲಲ್ಲಿ, ಮಳೆಯಲ್ಲಿ. ಬೆಳಗಿನ ಮೊದಲ ವಿಮಾನ ಅರ್ಧ ಗಂಟೆ ತಡವಾದರೆ ರಾತ್ರಿಯ ಕೊನೆಯದು ಮೂರು ಗಂಟೆ ತಡ. ಬೈಗುಳ ತಿನ್ನುವುದು ಕೌಂಟರಿನ ಹುಡುಗಿ. ದರ ಇಳಿಸಿದವರು ಅಲ್ಲಿರುವುದಿಲ್ಲ.

ಡೆಕ್ಕನ್‌ನಲ್ಲಿ ಸೀಟಿಗೆ ನಂಬರ್ ಇರಲಿಲ್ಲ. ಬಾಗಿಲು ತೆರೆದೊಡನೆ ಜನ ಓಡಿ ಕಿಟಕಿ ಹಿಡಿಯುತ್ತಿದ್ದರು. ತಿಂಡಿ ಬೇಕಾದರೆ ದುಡ್ಡು ಕೊಟ್ಟು ಕೊಳ್ಳಬೇಕು. ಇದನ್ನು ನೋಡಿ ನಕ್ಕ ದೊಡ್ಡ ಸಂಸ್ಥೆಗಳು ತಿಂಗಳುಗಳಲ್ಲಿ ಅದೇ ದಾರಿಗಳಲ್ಲಿ ತಮ್ಮ ದರವನ್ನೂ ಇಳಿಸಿದವು. ಅಲ್ಲಿಂದ ಒಂದು ಹೊಸ ಬಗೆಯ ನೌಕರಿಯೇ ಬೆಳೆಯಿತು: ಕಂಪ್ಯೂಟರ್ ಮುಂದೆ ಕೂತು ಎದುರಾಳಿಯ ದರ ನೋಡುತ್ತಿರುವುದು. ಒಂದೇ ವಿಮಾನದ ಆಸನಗಳನ್ನು ಹತ್ತಾರು ದರದ ಮೆಟ್ಟಿಲುಗಳಾಗಿ ಹಂಚಿರುತ್ತಾರೆ. ಎದುರಾಳಿ ಬೆಳಿಗ್ಗೆ ಒಂದು ಮೆಟ್ಟಿಲು ಇಳಿದರೆ ಇವರು ಮಧ್ಯಾಹ್ನದೊಳಗೆ ಎರಡು ಇಳಿಯಬೇಕು. ಆಸನ ತುಂಬಿತೋ ಎನ್ನುವುದೊಂದೇ ಮೇಲಿನವರ ಪ್ರಶ್ನೆ. ತುಂಬಿದ ಆಸನ ಇಂಧನದ ಖರ್ಚನ್ನಾದರೂ ತಂದಿತೋ ಎಂದು ಕೇಳುವವರು ಕಡಿಮೆಯಾಗಿದ್ದರು.

ವೇಳಾಪಟ್ಟಿಯಲ್ಲೂ ಅದೇ ಜಗಳ. ನಂಜನಗೂಡು, ನರಸೀಪುರದ ರಸ್ತೆಯಲ್ಲಿ ಖಾಸಗಿ ಬಸ್ಸುಗಳ ಟೈಮಿಂಗ್ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹಿಂದಿನ ಬಸ್ಸಿಗಿಂತ ಐದು ನಿಮಿಷ ಮೊದಲು ಹೊರಟು ಅದರ ಜನರನ್ನೆಲ್ಲ ಎತ್ತಿಕೊಳ್ಳುವುದು. ಆಗ ಬೆಂಗಳೂರಿನ ವಿಮಾನಗಳೆಲ್ಲ ಎಚ್‌ಎಎಲ್ ನಿಲ್ದಾಣದಿಂದಲೇ ಏರಬೇಕಿತ್ತು. ಅದು ತನ್ನ ಶಕ್ತಿಗೆ ಮೀರಿದ ಜನರನ್ನು ಹೊತ್ತಿತ್ತು. ಬೆಳಗಿನ, ಸಂಜೆಯ ಒಳ್ಳೆಯ ಹೊತ್ತಿಗೆ ಒಂದೊಂದು ಜಾಗ ಸಿಕ್ಕರೂ ಚಿನ್ನ. ರಾತ್ರಿ ವಿಮಾನ ನಿಲ್ಲಿಸುವ ಜಾಗಕ್ಕೂ ಪೈಪೋಟಿ. ರಾತ್ರಿ ಅಲ್ಲಿ ನಿಂತವನಿಗೆ ಬೆಳಗಿನ ಮೊದಲ ಹಾರಾಟ. 2008ರ ಮೇ 24ರಂದು ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯುವವರೆಗೂ ಇದೇ ಪಾಡು.

2005ರ ಮೇ 9ಕ್ಕೆ ವಿಜಯ್ ಮಲ್ಯರ ಕಿಂಗ್‌ಫಿಷರ್ ಹಾರತೊಡಗಿತು. ಅದೂ ಬೆಂಗಳೂರಿನದೇ, ಆದರೆ ಜನಸಾಮಾನ್ಯನ ನೇರ ವಿರುದ್ಧ. ಪ್ರತಿ ಆಸನಕ್ಕೂ ಟಿವಿ, ಬಿಸಿ ಊಟ, ಕೆಂಪು ಉಡುಪು. ಸಾಮಾನು ಹೊತ್ತು ಬಾಗಿಲವರೆಗೆ ಬಿಡುವ ಹುಡುಗರು. ಮುಂದಿನ ವರ್ಷ ಆಗಸ್ಟಿನಲ್ಲಿ ಇಂಡಿಗೊ ಬಂತು. ಸ್ಪೈಸ್‌ಜೆಟ್, ಗೋಏರ್ ಆಗಲೇ ಬಂದಿದ್ದವು. ಎರಡು ವರ್ಷದೊಳಗೆ ದೇಶದಲ್ಲಿ ವಿಮಾನಗಳ ಸಂಖ್ಯೆ ಏರಿದ ವೇಗಕ್ಕೆ ಹಾರಿಸುವವರು ಹುಟ್ಟಲಿಲ್ಲ. ಒಬ್ಬ ಕಮಾಂಡರ್ ತಯಾರಾಗಲು ವರ್ಷಗಳೇ ಬೇಕು, ಸಾವಿರಾರು ಗಂಟೆಗಳ ಹಾರಾಟ ಬೇಕು. ಹಾಗಾಗಿ ಎಲ್ಲರೂ ಒಬ್ಬರಿಂದೊಬ್ಬರು ಪೈಲಟ್‌ಗಳನ್ನು ಎಳೆದುಕೊಂಡರು. ಎಂಜಿನಿಯರ್‌ಗಳನ್ನೂ ಅಷ್ಟೆ. ಸಂಬಳ ಏರಿತು, ಒಂದು ಕಡೆ ರಾಜೀನಾಮೆ ಕೊಟ್ಟು ವಾರದಲ್ಲಿ ಇನ್ನೊಂದು ಕಡೆ ಸೇರುವವರಿದ್ದರು.

ನೌಕರನಿಗೆ ಪೈಪೋಟಿಯಿಂದ ನೇರ ಲಾಭ ಸಿಕ್ಕ ಕಾಲ ಇದೊಂದೇ. ಅದಕ್ಕೆ ತಡೆ ಬಂದದ್ದೂ ಬೇಗ. 2005ರಲ್ಲಿ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ಮಾಡಿತು: ಪೈಲಟ್ ಕೆಲಸ ಬಿಡಬೇಕಾದರೆ ಆರು ತಿಂಗಳು ಮೊದಲೇ ತಿಳಿಸಬೇಕು. 2017ರಲ್ಲಿ ಕಮಾಂಡರ್‌ಗಳಿಗೆ ಅದನ್ನೇ ಒಂದು ವರ್ಷ ಮಾಡಿದರು. ಸಂಸ್ಥೆಗಳು ಟಿಕೆಟ್ ದರದಲ್ಲಿ ಎಷ್ಟು ಬೇಕಾದರೂ ಕಚ್ಚಾಡಬಹುದು, ದುಡಿಯುವವನು ಹೆಚ್ಚು ಸಂಬಳಕ್ಕೆ ಹೋಗುವ ದಾರಿಗೆ ಮಾತ್ರ ಸರಕಾರವೇ ಬೇಲಿ ಹಾಕಬೇಕು. ಇದನ್ನು ನ್ಯಾಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆಗ ಮೈಸೂರಿನಂಥ ಊರುಗಳಲ್ಲೂ ಏವಿಯೇಷನ್ ತರಬೇತಿಯ ಬೋರ್ಡುಗಳು ಎದ್ದವು. ಪಿಯುಸಿ ಮುಗಿಸಿದ ಹುಡುಗಿಯರು, ಹುಡುಗರು ಶುಲ್ಕ ಕಟ್ಟಿ ಸೇರಿದರು. ಸೀರೆ ಉಡುವುದು, ಇಂಗ್ಲಿಷಿನಲ್ಲಿ ಘೋಷಣೆ ಮಾಡುವುದು, ನಗುಮುಖ ಇಟ್ಟುಕೊಳ್ಳುವುದು ಕಲಿತರು. ಕೆಲವರು ಹಾರಿದರು. ಬಹಳ ಮಂದಿ ನೆಲದ ಮೇಲಿನ ಕೆಲಸಕ್ಕೆ ಸೇರಿದರು, ಅದರಲ್ಲೂ ಗುತ್ತಿಗೆಯ ಮೇಲೆ.

ಮುಂಬಯಿಯ ಒಂದು ರಸ್ತೆಯಲ್ಲಿ 2007ರಲ್ಲಿ ಕಂಡ ಜಾಹೀರಾತು ಫಲಕಗಳು ಆ ಕಾಲದ ಹುಮ್ಮಸ್ಸನ್ನು ಹೇಳುತ್ತವೆ. ನಾವು ಬದಲಾಗಿದ್ದೇವೆ ಎಂದು ಜೆಟ್ ಹಾಕಿಕೊಂಡಿತು. ಅದರ ಮೇಲೆ ಕಿಂಗ್‌ಫಿಷರ್ ಫಲಕ: ಅವರನ್ನು ಬದಲಾಯಿಸಿದ್ದು ನಾವೇ. ಅದಕ್ಕೂ ಮೇಲೆ ಗೋಏರ್‌ನದು: ನಾವು ಬದಲಾಗಿಲ್ಲ, ಜಾಣರು ಹಾರುವುದು ನಮ್ಮಲ್ಲೇ. ಊರೆಲ್ಲ ನೋಡಿ ನಕ್ಕಿತು. ಆ ಮೂರರಲ್ಲಿ ಇವತ್ತು ಒಂದೂ ಉಳಿದಿಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ 2019ರ ಏಪ್ರಿಲ್ 17ರಂದು, ಗೋ 2023ರ ಮೇ ತಿಂಗಳಲ್ಲಿ ನಿಂತವು.

ಮೊದಲು ಕುಸಿದದ್ದು ಜನಸಾಮಾನ್ಯನ ವಿಮಾನವೇ. 2006ರ ಮೇ ತಿಂಗಳಲ್ಲಿ ಡೆಕ್ಕನ್ ಷೇರು ಮಾರಾಟಕ್ಕೆ ಹೋದಾಗ ಮಾರುಕಟ್ಟೆ ಬೀಳುತ್ತಿತ್ತು. ಷೇರನ್ನು ಎಣಿಸಿದ್ದಕ್ಕಿಂತ ಕಡಿಮೆಗೆ, 148 ರೂಪಾಯಿಗೆ ಕೊಡಬೇಕಾಯಿತು. ನಷ್ಟ ಏರುತ್ತಲೇ ಇತ್ತು. 2007ರ ಮಧ್ಯದಲ್ಲಿ ಮಲ್ಯರ ಯುಬಿ ಸಮೂಹ 550 ಕೋಟಿ ರೂಪಾಯಿಗೆ ಡೆಕ್ಕನ್‌ನ 26 ಶೇಕಡಾ ಪಾಲು ಕೊಂಡಿತು. ಅದೇ ಏಪ್ರಿಲಿನಲ್ಲಿ ಜೆಟ್ 1,450 ಕೋಟಿಗೆ ಸಹಾರಾವನ್ನು ನುಂಗಿತ್ತು. ಎದುರಾಳಿಯ ದರಕ್ಕೆ ದರ ಕೊಟ್ಟು ಗೆಲ್ಲಲಾಗದಿದ್ದರೆ ಎದುರಾಳಿಯನ್ನೇ ಕೊಂಡುಬಿಡು ಎನ್ನುವ ಪಟ್ಟು ಇದು.

ಮಲ್ಯರ ಕೊಳ್ಳುವಿಕೆಯ ಹಿಂದೆ ಇನ್ನೊಂದು ಲೆಕ್ಕವಿತ್ತು. ವಿದೇಶಕ್ಕೆ ಹಾರಬೇಕಾದರೆ ಐದು ವರ್ಷ ದೇಶದೊಳಗೆ ಹಾರಿರಬೇಕು, ಇಪ್ಪತ್ತು ವಿಮಾನ ಇರಬೇಕು ಎಂಬ ನಿಯಮ ಆಗ ಇತ್ತು. ಕಿಂಗ್‌ಫಿಷರ್‌ಗೆ ಐದು ವರ್ಷ ತುಂಬುವುದು 2010ಕ್ಕೆ. ಡೆಕ್ಕನ್‌ಗೆ 2008ರ ಆಗಸ್ಟಿಗೇ ತುಂಬುತ್ತಿತ್ತು. ಎರಡೂ ಒಂದಾದವು. 2008ರ ಆಗಸ್ಟಿನಲ್ಲಿ ಡೆಕ್ಕನ್ ಹೆಸರು ಅಳಿಸಿ ಕಿಂಗ್‌ಫಿಷರ್ ರೆಡ್ ಎಂದಾಯಿತು, ಲಕ್ಷ್ಮಣರ ಮುದುಕನ ಜಾಗದಲ್ಲಿ ಮಿಂಚುಳ್ಳಿ ಆಗಲೇ ಬಂದು ಕೂತಿತ್ತು. ಸೆಪ್ಟೆಂಬರ್ 3ಕ್ಕೆ ಬೆಂಗಳೂರು–ಲಂಡನ್ ಹಾರಾಟ. ಊರೂರಿಗೆ ಹಾರಿ ಬೆವರು ಹರಿಸಿದವರ ಐದು ವರ್ಷದ ಸೇವೆ ಇನ್ನೊಬ್ಬರಿಗೆ ಲಂಡನ್ನಿನ ರಹದಾರಿಯಾಯಿತು.

ಎರಡು ಸಂಸ್ಥೆ ಒಂದಾದಾಗ ಪತ್ರಿಕೆಗಳು ಷೇರಿನ ಬೆಲೆ ಬರೆಯುತ್ತವೆ. ಒಳಗಿದ್ದವರಿಗೆ ಕಾಡುವ ಪ್ರಶ್ನೆಗಳು ಬೇರೆ. ನನ್ನ ಹಿರಿತನ ಯಾವ ದಿನದಿಂದ ಲೆಕ್ಕ? ಒಂದೇ ಊರಿನಲ್ಲಿ ಎರಡು ಕೌಂಟರ್ ಇದ್ದವು, ಇನ್ನು ಒಂದೇ ಸಾಕು, ಹೋಗುವವನು ಯಾರು? ನಿನ್ನೆಯವರೆಗೆ ಎದುರು ಕೌಂಟರಿನಲ್ಲಿ ನಿಂತು ಪ್ರಯಾಣಿಕರನ್ನು ಕಸಿದುಕೊಳ್ಳುತ್ತಿದ್ದವನು ಇವತ್ತು ಮೇಲಧಿಕಾರಿ.

2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿತು. ಆ ಮೇಲೆ ಅಮೆರಿಕದ ಬ್ಯಾಂಕುಗಳು ಬಿದ್ದವು, ಜನರ ಪ್ರಯಾಣ ಇಳಿಯಿತು. ಅಕ್ಟೋಬರಿನಲ್ಲಿ ಜೆಟ್ ಮತ್ತು ಕಿಂಗ್‌ಫಿಷರ್, ಫಲಕಗಳಲ್ಲಿ ಕಚ್ಚಾಡಿದ್ದ ಇಬ್ಬರೇ, ಕೈ ಕುಲುಕಿ ಮೈತ್ರಿ ಘೋಷಿಸಿದರು. ಅದೇ ವಾರ ಜೆಟ್ ಸುಮಾರು 1,900 ಮಂದಿಯನ್ನು ಕೆಲಸದಿಂದ ತೆಗೆಯಲು ಹೊರಟಿತು. ಎಳೆಯ ಹುಡುಗಿಯರು ಸಮವಸ್ತ್ರದಲ್ಲೇ ಬೀದಿಗಿಳಿದು ಅತ್ತದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಗದ್ದಲ ಎದ್ದ ಮೇಲೆ ಜೆಟ್‌ನ ಮಾಲೀಕ ನರೇಶ್ ಗೋಯಲ್ ಎಲ್ಲರನ್ನೂ ವಾಪಸ್ ಕರೆದರು.

ಮರುವರ್ಷದ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2009ರ ಜುಲೈ ಕೊನೆಗೆ ಖಾಸಗಿ ವಿಮಾನ ಸಂಸ್ಥೆಗಳ ಮಾಲೀಕರು ಒಂದಾಗಿ, ಇಂಧನದ ತೆರಿಗೆ ಇಳಿಸದಿದ್ದರೆ ಆಗಸ್ಟ್ 18ರಂದು ವಿಮಾನ ಹಾರಿಸುವುದಿಲ್ಲ ಎಂದು ಬೆದರಿಸಿದರು. ಕೆಲವರು ಹಿಂದೆ ಸರಿದು ಅದು ನಡೆಯಲಿಲ್ಲ. ಅದೇ ಹೊತ್ತಿಗೆ ಜೆಟ್ ಪೈಲಟ್‌ಗಳು ಸಂಘ ಕಟ್ಟಿದರು. ಸಂಘ ಕಟ್ಟಿದವರನ್ನು ತೆಗೆದುಹಾಕಿದ್ದಕ್ಕೆ ಸೆಪ್ಟೆಂಬರಿನಲ್ಲಿ ನೂರಾರು ಪೈಲಟ್‌ಗಳು ಕಾಯಿಲೆಯ ರಜೆ ಹಾಕಿ ಐದು ದಿನ ಮನೆಯಲ್ಲಿ ಕೂತರು. ಅದನ್ನು ಪ್ರಯಾಣಿಕರಿಗೆ ಬಗೆದ ದ್ರೋಹ ಎಂದರು. ಮಾಲೀಕರು ಕೂಡಿ ಹಾರಾಟ ನಿಲ್ಲಿಸಲು ಹೊರಟರೆ ಅದು ಬೇಡಿಕೆ, ಹಾರಿಸುವವರು ನಿಲ್ಲಿಸಿದರೆ ದ್ರೋಹ.

ಇಷ್ಟೆಲ್ಲ ಆದ ಮೇಲೆ 2010ರಲ್ಲಿ ಕಿಂಗ್‌ಫಿಷರ್ ಮಂಡಕಳ್ಳಿಗೆ ಬಂದದ್ದು. ಹುಟ್ಟಿದಾಗಿನಿಂದ ಒಂದು ವರ್ಷವೂ ಲಾಭ ಕಾಣದ ಸಂಸ್ಥೆ ಅದು. ಆದರೂ ಎಟಿಆರ್ ಬರಲು ಕಾರಣಗಳಿದ್ದವು. 80ಕ್ಕಿಂತ ಕಡಿಮೆ ಆಸನದ ವಿಮಾನಕ್ಕೆ ಆಗ ಇಳಿಯುವ ಶುಲ್ಕವಿರಲಿಲ್ಲ. ಇಂಥ ಸಣ್ಣ ವಿಮಾನದ ಇಂಧನಕ್ಕೆ ಮಾರಾಟ ತೆರಿಗೆ ಶೇಕಡಾ 4 ಮಾತ್ರ ಇತ್ತು, ದೊಡ್ಡ ಜೆಟ್‌ಗಳಿಗೆ ರಾಜ್ಯಗಳು ಅದರ ಹಲವು ಪಟ್ಟು ಹಾಕುತ್ತಿದ್ದವು. ಮೈಸೂರಿನ ರನ್‌ವೇ 1,740 ಮೀಟರ್, ಎಟಿಆರ್‌ಗೆ ಸಾಕು. ಇಲ್ಲಿಂದ ಹತ್ತಿಸಿಕೊಂಡವರನ್ನು ದೇವನಹಳ್ಳಿಯಲ್ಲಿ ತಮ್ಮದೇ ದೆಹಲಿ, ಮುಂಬಯಿ, ಲಂಡನ್ ವಿಮಾನಗಳಿಗೆ ದಾಟಿಸುವ ಎಣಿಕೆ.

ನಂಜನಗೂಡಿನವರಿಗೆ ಬೆಂಗಳೂರಿಗೇ ಹೋಗಬೇಕಿದ್ದರೆ ಈ ವಿಮಾನದಿಂದ ಏನೂ ಉಪಯೋಗವಿರಲಿಲ್ಲ. ಮಂಡಕಳ್ಳಿಗೆ ಅರ್ಧ ಗಂಟೆ, ಒಂದು ಗಂಟೆ ಮುಂಚೆ ಹೋಗಿ ಕಾಯಬೇಕು, ಹಾರಾಟ ಮುಕ್ಕಾಲು ಗಂಟೆ, ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಮತ್ತೊಂದೂವರೆ ಗಂಟೆ. ಅಷ್ಟರಲ್ಲಿ ರೈಲೋ ಐರಾವತ ಬಸ್ಸೋ ಊರು ಸೇರಿಸಿರುತ್ತದೆ. ನರಸೀಪುರದವರಿಗಂತೂ ಮೈಸೂರಿಗೆ ಬಂದು ಮಂಡಕಳ್ಳಿಗೆ ಹೋಗುವುದಕ್ಕಿಂತ ನೇರ ಬೆಂಗಳೂರಿನ ಬಸ್ಸೇ ವಾಸಿ. ಮೈಸೂರು ವಿಮಾನದ ನಿಜವಾದ ಎದುರಾಳಿ ಇನ್ನೊಂದು ವಿಮಾನವಲ್ಲ, ಕೆಎಸ್‌ಆರ್‌ಟಿಸಿ. ಅದೇ ನಿಗಮ ಮುಂದೆ ಮೈಸೂರಿನಿಂದ ನೇರ ದೇವನಹಳ್ಳಿಗೆ ಫ್ಲೈಬಸ್ ಬಿಟ್ಟಿತು. ಆಮೇಲೆ ಯಾವ ಸಂಸ್ಥೆಯ ವಿಮಾನಕ್ಕಾದರೂ ಹೋಗಬಹುದು, ಯಾರ ಹಂಗೂ ಇಲ್ಲ. ಈ ದಾರಿಯಲ್ಲಿ ವಿಮಾನ ಉಳಿಯಬೇಕಾದರೆ ಮುಂದೆ ದಾಟಿಸುವ ದೊಡ್ಡ ಸಂಸ್ಥೆ ಗಟ್ಟಿಯಾಗಿರಬೇಕಿತ್ತು. ಅದೇ ಒಳಗಿನಿಂದ ಟೊಳ್ಳಾಗಿತ್ತು.

2011ರ ಸೆಪ್ಟೆಂಬರ್ ಕೊನೆಯಲ್ಲಿ ಮಲ್ಯ ಅಗ್ಗದ ಸೇವೆ ಕೈಬಿಡುವುದಾಗಿ ಹೇಳಿದರು. ನವೆಂಬರಿನಲ್ಲಿ ದಿನಕ್ಕೆ ಹತ್ತಾರು ವಿಮಾನ ರದ್ದಾದವು. ನೂರಕ್ಕೂ ಹೆಚ್ಚು ಪೈಲಟ್‌ಗಳು ಬಿಟ್ಟುಹೋದರು. ಬಿಡಬಲ್ಲವರು ಬಿಟ್ಟರು. ಬೇರೆ ಕಡೆ ಕರೆಯಿಲ್ಲದ ಸಾವಿರಾರು ಮಂದಿ ಇವತ್ತಲ್ಲ ನಾಳೆ ಸರಿಹೋದೀತೆಂದು ಉಳಿದರು. 2012ರ ಮಾರ್ಚಿನಿಂದ ಸಂಬಳವೇ ಇಲ್ಲ. ಸಂಬಳದಿಂದ ಮುರಿದುಕೊಂಡ ಆದಾಯ ತೆರಿಗೆಯನ್ನೂ ಸಂಸ್ಥೆ ಸರಕಾರಕ್ಕೆ ಕಟ್ಟಿರಲಿಲ್ಲ. ಸೆಪ್ಟೆಂಬರ್ 30ಕ್ಕೆ ಎಂಜಿನಿಯರ್‌ಗಳು ಕೆಲಸ ನಿಲ್ಲಿಸಿದರು. ವಿಮಾನ ಹಾರಲು ಯೋಗ್ಯ ಎಂದು ಸಹಿ ಹಾಕಬೇಕಾದವರು ಅವರು. ಅವರ ಸಹಿ ಇಲ್ಲದೆ ವಿಮಾನ ಅಲುಗಾಡುವಂತಿಲ್ಲ. ಏಳು ತಿಂಗಳು ಸಂಬಳ ಕಾಣದ ಕೈಯಿಂದ ಆ ಸಹಿಯನ್ನು ಅಲ್ಲಿಯವರೆಗೆ ಹಾಕಿಸಿಕೊಂಡದ್ದೇ ಭಯ ಹುಟ್ಟಿಸುವ ವಿಷಯ. ಅಕ್ಟೋಬರಿನಲ್ಲಿ ದೆಹಲಿಯಲ್ಲಿ ಒಬ್ಬ ನೌಕರನ ಹೆಂಡತಿ ಪ್ರಾಣ ಕಳೆದುಕೊಂಡರು. ಅಕ್ಟೋಬರ್ 20ರಂದು ಪರವಾನಗಿ ಅಮಾನತಾಯಿತು. ಅದೇ ಡಿಸೆಂಬರಿನಲ್ಲಿ ಮಲ್ಯ ತಮ್ಮ ಹುಟ್ಟುಹಬ್ಬಕ್ಕೆ ತಿರುಪತಿಗೆ 3 ಕಿಲೋ ಚಿನ್ನ ಒಪ್ಪಿಸಿದರು.

ಮಂಡಕಳ್ಳಿಗೆ ಆಮೇಲೆ ಬಂದವರದು ಬೇರೆ ಆಟ. 2017ರಿಂದ ಉಡಾನ್ ಯೋಜನೆಯಲ್ಲಿ ಸರಕಾರ ಸಹಾಯಧನ ಕೊಡತೊಡಗಿತು. ಅರ್ಧ ಆಸನಗಳನ್ನು ಗೊತ್ತುಮಾಡಿದ ದರಕ್ಕೆ ಮಾರಬೇಕು. ಅದಕ್ಕೆ ಬದಲಾಗಿ ನಷ್ಟ ತುಂಬಿಕೊಡುತ್ತಾರೆ, ಆ ದಾರಿಯಲ್ಲಿ ಮೂರು ವರ್ಷ ಬೇರೆಯವರನ್ನು ಬಿಡುವುದಿಲ್ಲ. ಪೈಪೋಟಿಯ ಜಾಗದಲ್ಲಿ ಗುತ್ತಿಗೆ ಬಂತು. ಟ್ರೂಜೆಟ್ 2017ರ ಸೆಪ್ಟೆಂಬರಿನಲ್ಲಿ ಮೈಸೂರು–ಚೆನ್ನೈ ಹಾರಾಟ ಶುರು ಮಾಡಿತು. 2022ರ ಫೆಬ್ರವರಿಯಲ್ಲಿ ಆ ಸಂಸ್ಥೆಯೇ ನಿಂತುಹೋಯಿತು. ಅಲ್ಲೂ ನೌಕರರ ಸಂಬಳ ಬಾಕಿಯ ಸುದ್ದಿಯೇ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬೆಂಗಳೂರಿನ ವಿಮಾನದ ಮಾತು ಇನ್ನಷ್ಟು ಸೊರಗಿತು. ಹೈದರಾಬಾದ್, ಚೆನ್ನೈಯಂಥ ದೂರದ ಊರುಗಳಿಗೆ ಇಲ್ಲಿಂದ ಹಾರುವುದಕ್ಕೆ ಅರ್ಥವಿದೆ, ಜನವೂ ಇದ್ದಾರೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಬರುವವರೇ ಎಷ್ಟೋ ಮಂದಿ.

ಈಗಿನ ಬೇಡಿಕೆ ರನ್‌ವೇಯದು. 1,740 ಮೀಟರನ್ನು 2,750ಕ್ಕೆ ಬೆಳೆಸಿದರೆ ದೊಡ್ಡ ಜೆಟ್‌ಗಳು ಇಳಿಯಬಹುದು. ಬೆಳೆಸಲು ಅಡ್ಡ ಇರುವುದು ನಂಜನಗೂಡಿನ ಹೆದ್ದಾರಿ. ಅದನ್ನು ರನ್‌ವೇಯ ಅಡಿಯಲ್ಲಿ ಹಾಯಿಸುವುದೋ, ಸುತ್ತು ಹಾಕಿಸುವುದೋ ಎಂದು ವರ್ಷಗಳಿಂದ ಚರ್ಚೆ ನಡೆದಿದೆ. ನಮ್ಮ ಜನಪ್ರತಿನಿಧಿಗಳು ದೆಹಲಿಗೆ ಹೋದಾಗಲೆಲ್ಲ ಇದನ್ನು ಕೇಳುತ್ತಾರೆ. ಕೇಳಲಿ.

ಅದರ ಜೊತೆಗೆ ಇನ್ನೊಂದನ್ನು ಕೇಳಬೇಕು. ಕರ್ನಾಟಕ ಹೈಕೋರ್ಟ್ ಕಿಂಗ್‌ಫಿಷರ್ ಸಂಸ್ಥೆಯನ್ನು ಸಮಾಪನಗೊಳಿಸಲು ಆದೇಶಿಸಿದ್ದು 2016ರ ನವೆಂಬರಿನಲ್ಲಿ. ಮಲ್ಯ ಅದೇ ಮಾರ್ಚಿನಲ್ಲಿ ದೇಶ ಬಿಟ್ಟಿದ್ದರು. ಬ್ಯಾಂಕುಗಳು ಷೇರು, ಆಸ್ತಿ ಮಾರಿ ತಮ್ಮ ಹಣ ಎತ್ತಿಕೊಂಡವು. ನೌಕರರ ಬಾಕಿಗೆಂದು ಸುಮಾರು 312 ಕೋಟಿ ರೂಪಾಯಿ ಬಿಡುಗಡೆಗೆ ದಾರಿಯಾದದ್ದು 2025ರ ಡಿಸೆಂಬರಿನಲ್ಲಿ, ವಿಮಾನಗಳು ನಿಂತು ಹದಿಮೂರು ವರ್ಷವಾದ ಮೇಲೆ. ಜೆಟ್ ನೌಕರರು ಭವಿಷ್ಯನಿಧಿ, ಗ್ರಾಚ್ಯುಯಿಟಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋರಾಡಬೇಕಾಯಿತು. 2024ರ ನವೆಂಬರಿನಲ್ಲಿ ಆ ಸಂಸ್ಥೆಯನ್ನೂ ಸಮಾಪನಕ್ಕೆ ಒಪ್ಪಿಸಲಾಯಿತು. ಮುಳುಗಿದ ಮೇಲೆ ಪಾಲು ಕೊಡುವ ಕಾನೂನಿನಿಂದ ಮನೆಯ ಒಲೆ ಉರಿಯುವುದಿಲ್ಲ. ವಿಮಾನ ಹಾರಿಸಲು ಪರವಾನಗಿ ಕೊಡುವಾಗಲೇ ಎಲ್ಲ ನೌಕರರ, ಗುತ್ತಿಗೆಯವರನ್ನೂ ಸೇರಿಸಿ, ಕನಿಷ್ಠ ಆರು ತಿಂಗಳ ಸಂಬಳವನ್ನು ಸರಕಾರ ಠೇವಣಿಯಾಗಿ ಇಡಿಸಿಕೊಳ್ಳಬೇಕು. ಒಂದು ತಿಂಗಳು ಸಂಬಳ ತಪ್ಪಿದರೆ ಅದರಿಂದ ಕೊಡಬೇಕು, ಎರಡನೇ ತಿಂಗಳು ತಪ್ಪಿದರೆ ಹೊಸ ಟಿಕೆಟ್ ಮಾರಾಟ ನಿಲ್ಲಿಸಬೇಕು. ಮಂಡಕಳ್ಳಿಯ ರನ್‌ವೇಗಾಗಿ ಮನವಿ ಹಿಡಿದು ಹೋಗುವ ನಂಜನಗೂಡು, ತಿ. ನರಸೀಪುರದ ಹಿರಿಯರು ಇದನ್ನೂ ಅದೇ ಹಾಳೆಯಲ್ಲಿ ಬರೆದುಕೊಂಡು ಹೋಗಲಿ.